ಆಪಾ ಆಡದೆ ಬಿಟ್ಟ ಮಾತು

ಆಪಾ ಅವರ ಹುಬ್ಬಿನ ಮೇಲೆ ಸದಾ ಅರಳೆಯ ಒಂದೆರಡು ಎಳೆ ಕೂತಿರುತ್ತಿದ್ದವು. ತಲೆಗೂದಲು ಕಪ್ಪಿದ್ದಾಗಲೂ ಹುಬ್ಬು ಬೆಳ್ಳಗೆ ಕಾಣುತ್ತಿತ್ತು. ಹೊಸಬರು ಅವರ ವಯಸ್ಸನ್ನು ಹತ್ತು ವರ್ಷ ಹೆಚ್ಚಿಗೆ ಹಿಡಿದು ಎದ್ದು ನಿಲ್ಲುತ್ತಿದ್ದರು. "ಪುಕ್ಕಟ ಬಂದ ಮರ್ಯಾದಿ ಯಾಕ ಬ್ಯಾಡ ಅನ್ಲಿ?" ಎಂದು ಆಪಾ ನಗುತ್ತಿದ್ದರು.

ಮೂಡಲಗಿಯಲ್ಲಿ ನಮ್ಮದು ಗಾದಿ ಹೊಲಿಯುವ ಮನೆತನ. ಮುಸಲ್ಮಾನರಾದರೂ ಮನೆಮಾತು ಕನ್ನಡ. ನಮಾಜು ಅರಬ್ಬಿಯಲ್ಲಿ, ಜಗಳ ಕನ್ನಡದಲ್ಲಿ. ಆಪಾ ಪಕ್ಕದ ಮನೆಯ ವಿಧವೆ. ಆಪಾ ಎಂದರೆ ಅಕ್ಕ. ಓಣಿಯೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಹಗಲು ಅಪ್ಪನ ಅಂಗಡಿಗೆ ಗಾದಿ ತುಂಬಿಕೊಡುತ್ತಿದ್ದರು, ಸಂಜೆ ಓಣಿಯ ಮಕ್ಕಳಿಗೆ ಕುರಾನ್ ಓದಿಸುತ್ತಿದ್ದರು. ಆಗುವುದೆಲ್ಲ ಅಲ್ಲಾಹನ ನಿರ್ಣಯ, ಅದು ಮೊದಲೇ ಬರೆದಿಟ್ಟದ್ದು ಎಂಬ ತಕ್ದೀರಿನ ಪಾಠ ನನಗೆ ಸಿಕ್ಕಿದ್ದು ಅವರಿಂದಲೇ. ಪರೀಕ್ಷೆ ಹತ್ತಿರ ಬಂದಾಗ ಆ ಪಾಠ ನನಗೆ ಬಹಳ ಹಿಡಿಸಿತು.

"ಪಾಸೋ ನಪಾಸೋ ಬರದದ್ದೈತಲ್ಲ ಆಪಾ, ಓದೂದ್ಯಾಕ?" ಅಂದೆ.

ಅವರು ಮಾಳಿಗೆಯತ್ತ ಕೈ ಮಾಡಿದರು. "ಬರದದ್ದು ಅಲ್ಲಾನ ಕಡೆ ಐತಿ. ಬಿಸಲಾಗ ಹಾಕಿದ ಅರಳಿ ನಿನ್ನ ಕಡೆ ಐತಿ. ಮೋಡ ಆಗೇತಿ, ಹೋಗಿ ತಗೊಂಡ ಬಾ."

ನಾನು ಗೊಣಗುತ್ತ ಹತ್ತುವಷ್ಟರಲ್ಲಿ ಮಳೆ ಬಂದು ಅರ್ಧ ಅರಳೆ ತೊಯ್ದಿತು. ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆಪಾ ಒಂದು ಮಾತೂ ಬೈಯಲಿಲ್ಲ. ತೊಯ್ದದ್ದನ್ನು ಹಿಂಡಿ ಹರವುತ್ತ, "ಮಳಿ ಬರೂ ಮೊದಲ ಓಡೂದು ನಮ್ಮ ಕೆಲಸ. ತೊಯ್ದ ಮ್ಯಾಲ, ಅದು ತೊಯ್ಯೂದಿತ್ತು, ಅಷ್ಟ" ಎಂದರು. ಎರಡು ನಾಲಿಗೆಯ ಮಾತು ಎಂದು ನಾನು ಒಳಗೊಳಗೇ ನಕ್ಕಿದ್ದೆ.

ನಾನು ಗೋಕಾಕದ ಕಾಲೇಜಿಗೆ ಹೋಗುತ್ತಿದ್ದಾಗ, ಕಬ್ಬಿನ ಹಂಗಾಮಿನಲ್ಲಿ, ಅವ್ವನಿಗೆ ಹೊಟ್ಟೆನೋವು ಬಂತು. ಊರ ಡಾಕ್ಟರು ಹೊಟ್ಟೆಯ ಬಲಗಡೆ ಒತ್ತಿ ನೋಡಿದರು. ಅಪೆಂಡಿಕ್ಸ್ ಬಾತಿದೆ, ಇವತ್ತೇ ಗೋಕಾಕಕ್ಕೆ ಒಯ್ದು ಆಪರೇಶನ್ ಮಾಡಿಸಬೇಕು ಎಂದರು. ಅಪ್ಪ ಅವ್ವನನ್ನು ಸೀದಾ ಮನೆಗೆ ಕರೆತಂದರು.

"ಇಸ್ತಿಖಾರಾ ಮಾಡೂಣು. ನಾಳಿ ನೋಡೂಣು."

ಇಸ್ತಿಖಾರಾ ಎಂದರೆ ದೊಡ್ಡ ನಿರ್ಧಾರಕ್ಕೆ ಮೊದಲು ಎರಡು ಸುತ್ತು ನಮಾಜು ಮಾಡಿ, ಒಳ್ಳೆಯದು ಯಾವುದೋ ಅತ್ತ ನಡೆಸು ಎಂದು ಅಲ್ಲಾಹನನ್ನು ಬೇಡುವುದು. ಬೇಡಿ ಮಲಗಿದರೆ ಕನಸು ಬೀಳುತ್ತದೆ, ಬಿಳಿ ಹಸಿರು ಕಂಡರೆ ಮುಂದುವರಿ, ಕೆಂಪು ಕರಿ ಕಂಡರೆ ಬಿಡು ಎಂಬುದು ನಮ್ಮ ಮಂದಿ ಸೇರಿಸಿಕೊಂಡ ನಂಬಿಕೆ. ಹಿಂದೆ ಸಂಕೇಶ್ವರದ ದೊಡ್ಡಪ್ಪ ಆಪರೇಶನ್ನಿಗೆ ಒಳಗೆ ಹೋದವರು ಜೀವಂತ ಹೊರಬಂದಿರಲಿಲ್ಲ. ಅಲ್ಲಾಹನನ್ನು ಕೇಳದೆ ಕೊಯ್ಯಿಸಿದೆವು ಎಂಬುದು ಅಪ್ಪನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಅವರು ಹೆದರಿದ್ದರು. ನಮಗೆ ಕಂಡದ್ದು ಬರೀ ಹಟ.

ಅಪ್ಪ ಆಪಾನನ್ನೇ ಕರೆಸಿದರು. "ನೀವ ಮಾಡ್ರಿ ಆಪಾ. ನಿಮಗ ಖರೇದು ಕಾಣತೈತಿ."

ಆಪಾ ಅಲ್ಲೇ ಜಾನಮಾಜಿನ ಚಾಪೆ ಹಾಸಿ ನಮಾಜು ಮಾಡಿದರು. ದುಆ ಬೇಡಿ ಎದ್ದು, "ಆತು. ಗಾಡಿ ತರಸು" ಎಂದರು.

"ಏನ ಕಂಡ್ತರಿ?"

"ನಿನ್ನ ಹೇಣ್ತಿ ಒದ್ದಾಡೂದು ಕಂಡ್ತು. ಕಣ್ಣ ತೆರದ ನೋಡಿದ್ದು ಸಾಕಾಗವಲ್ದೇನ ತಮ್ಮಾ, ಕಣ್ಣ ಮುಚ್ಚೇ ನೋಡಬೇಕೇನು?"

"ಆಕಿ ನಸೀಬದಾಗ ಏನ ಬರದೈತೋ ಅದ ಆಗತೈತ್ರಿ."

"ಬರದದ್ದು ನೀ ಓದೀಯೇನು? ಗೋಕಾಕದಾಗ ಡಾಕ್ಟರ ಇರೂದೂ ಬರದದ್ದ!"

ಆಪಾ ಕೂಗಾಡಿದರು, ಕೊನೆಗೆ ಕೈ ಮುಗಿದರು. ಅಪ್ಪ ಕಲ್ಲಿನ ಹಾಗೆ ಕೂತೇ ಇದ್ದರು. ನಾನು ಆಪಾನ ಹಿಂದೆ ಓಡಿ, ಅವರ ಬಾಗಿಲಲ್ಲಿ ಸೆರಗು ಹಿಡಿದೆ.

"ಹಸರ ಕಂಡ್ತು ಅಂತ ಒಂದ ಮಾತ ಹೇಳ್ರಿ. ನಿಮ್ಮ ಮಾತ ಅಪ್ಪ ಮೀರೂದಿಲ್ಲ."

ಆಪಾ ನನ್ನ ಕೈಯಿಂದ ಸೆರಗು ಬಿಡಿಸಿಕೊಂಡರು. "ಕಾಣದ್ದನ್ನ ಕಂಡೇನಿ ಅಂದ್ರ ಅಲ್ಲಾನ ಹೆಸರಲೆ ಸುಳ್ಳ ಹೇಳಿದಂಗ. ಅದೊಂದು ಕೇಳಬ್ಯಾಡ ಮಗಳ." ಅಳುತ್ತಲೇ ಮತ್ತೆ ನಮ್ಮ ಮನೆಗೆ ಬಂದು, ಬೆಳಗಿನ ತನಕ ಅವ್ವನ ಹಾಸಿಗೆ ಬಿಟ್ಟು ಏಳಲಿಲ್ಲ. ಆ ಹೊತ್ತು ನನಗೆ ಅಪ್ಪನಿಗಿಂತ ಅವರ ಮೇಲೇ ಹೆಚ್ಚು ಸಿಟ್ಟು ಬಂದಿತ್ತು.

ಬೆಳಿಗ್ಗೆ ಅವ್ವನ ನೋವು ತಟ್ಟನೆ ಇಳಿಯಿತು. ಅಪ್ಪನ ಮುಖ ಅರಳಿತು. "ನೋಡ್ರಿ, ಇದ ಇಶಾರಾ! ಅಲ್ಲಾ ಕೇಳ್ದಾ!" ಆಪಾ ಅವ್ವನ ಹೊಟ್ಟೆ ಮುಟ್ಟಿದರು. ಅದು ಹಲಗೆಯಂತೆ ಬಿರುಸಾಗಿತ್ತು, ಅಂಗಾಲು ತಣ್ಣಗಿದ್ದವು. ಆಪಾ ಓಣಿಗೆ ಓಡಿ, ಹಾಲಿನ ಡೇರಿಯವರ ಜೀಪನ್ನು ಅಡ್ಡಹಾಕಿ, ಅಪ್ಪನನ್ನು ರಟ್ಟೆ ಹಿಡಿದು ಎಬ್ಬಿಸಿದರು. "ಈಗ ಎತ್ತು. ಮಾತ ಆಮ್ಯಾಲ."

ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳು. ಒಂದೊಂದಕ್ಕೂ ಎರಡೆರಡು ಟ್ರೇಲರು. ಜೀಪು ನಿಂತಲ್ಲೆಲ್ಲ ಆಪಾ ಇಳಿದು, ಬುರ್ಖಾ ಮೇಲೆತ್ತಿ ಓಡಿ, ಡ್ರೈವರುಗಳಿಗೆ ಬೈದು, ಬೇಡಿ, ದಾರಿ ಬಿಡಿಸಿದರು. ಅವ್ವನ ತಲೆ ನನ್ನ ತೊಡೆಯ ಮೇಲಿತ್ತು. ನೋವಿಲ್ಲ, ಮನೆಗೆ ಹೋಗೋಣ ಎನ್ನುತ್ತಿದ್ದಳು.

ಗೋಕಾಕದ ದವಾಖಾನೆಯಲ್ಲಿ ಡಾಕ್ಟರು, ಒಳಗೆ ಒಡೆದು ವಿಷವಾಗಿದೆ ಎಂದರು. ಅಪ್ಪನತ್ತ ತಿರುಗಿ, "ನಿನ್ನಿ ಯಾಕ ತರಲಿಲ್ಲ?" ಎಂದು ಕೇಳಿದರು.

ಇವರೇ ಬಿಡಲಿಲ್ಲ ಎನ್ನಲು ನಾನು ಬಾಯಿ ತೆರೆದಿದ್ದೆ. ಆಪಾ ನನ್ನ ಮುಂದೆ ಬಂದು ನಿಂತರು. "ಈಗ ತಂದೇವ್ರಿ ಸಾಹೇಬ್ರ. ಈಗ ಏನ ಮಾಡಬೇಕು ಅದನ್ನ ಹೇಳ್ರಿ."

ಆಪರೇಶನ್ ಆಯಿತು. ವಾರ ತುಂಬುವುದರೊಳಗೆ ಅವ್ವ ಹೋದಳು.

ಮಣ್ಣು ಮುಗಿಸಿ ಬಂದ ಅಪ್ಪ ಹೊಸ್ತಿಲಲ್ಲಿ ಕೂತು ಹಣೆ ಬಡಿದುಕೊಂಡರು. "ನಾ ಕೊಂದೆ ಆಕೀನ. ಅವತ್ತ ಒಯ್ದಿದ್ದರ..." ಆಪಾ ಅವರ ಕೈ ಹಿಡಿದು ತಡೆದರು. "ಸಾಕು. ಆಕಿ ಆಯುಷ್ಯಾ ಅಲ್ಲೀತನಾನ ಇತ್ತು ತಮ್ಮಾ."

ನನಗೆ ಮೈಯೆಲ್ಲ ಉರಿಯಿತು. ಅಡುಗೆಮನೆಯಲ್ಲಿ ಅವರನ್ನು ಹಿಡಿದು ಕೇಳಿದೆ. "ಅವತ್ತ ಅಪ್ಪ ನಸೀಬ ಅಂದಾಗ ಬೈದ್ರಿ. ಈಗ ನೀವ ಅದನ್ನ ಅಂತೀರಿ. 'ನನ್ನ ಮಾತ ಕೇಳಿದ್ದರ ಆಕಿ ಉಳೀತಿದ್ಲು' ಅಂತ ಅವರ ಮುಖಕ್ಕ ಅಂದಬಿಡ್ರಿ!"

"ಅವತ್ತ ಆಕಿ ಜೀವಂತ ಇದ್ಲು, ಅದಕ್ಕ ಬೈದೆ. ಇವತ್ತ ಬೈದರ ಯಾರಿಗಿ ಬಂತು?" ಎಂದರು ಆಪಾ. ಆಮೇಲೆ ಧ್ವನಿ ತಗ್ಗಿತು. "ನಾ ಹಸರ ಕಂಡೇನಿ ಅಂದಿದ್ದರ ಅಂತ ನನ್ನ ಎದಿಯಾಗೂ ಬರತೈತಿ. ದಿನಾ ಬರತೈತಿ. 'ಹಿಂಗ ಮಾಡಿದ್ದರ' ಅನ್ನೂದು ಸೈತಾನ ಒಳಗ ಬರೂ ಬಾಗಲಾ. ನಾ ಬಾಗಲಾ ಹಾಕತೇನಿ, ನೀನೂ ಹಾಕು. ನಿನಗ ಇನ್ನೂ ಅಪ್ಪ ಅದಾನ."

ಅಂದಿನಿಂದ ಆಪಾ ಆ ಮಾತನ್ನು ಮತ್ತೆ ಎತ್ತಲಿಲ್ಲ. ಗಾದಿಯ ಲೆಕ್ಕಕ್ಕೆ ಅಪ್ಪನ ಜೊತೆ ಎಷ್ಟೋ ಸಲ ಜಗಳಾಡಿದರು. ಜಗಳದಲ್ಲಿ ಮನುಷ್ಯ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಅವರ ಕೈಯಲ್ಲಿ ಅಷ್ಟು ದೊಡ್ಡ ಕಲ್ಲಿತ್ತು, ಎಸೆಯಲಿಲ್ಲ. ಅಪ್ಪ ಊಟ ಬಿಟ್ಟ ದಿನಗಳಲ್ಲಿ ತಾವೇ ರೊಟ್ಟಿ ಬಡಿದು, ತಾಟನ್ನು ನನ್ನ ಕೈಗೆ ಕೊಟ್ಟು, "ನೀನ ಒಯ್ದ ಕೊಡು" ಎನ್ನುತ್ತಿದ್ದರು. ಮೊದಮೊದಲು ನಾನು ಅದನ್ನು ಅಪ್ಪನ ಮುಂದೆ ಕುಕ್ಕಿ ಬರುತ್ತಿದ್ದೆ. ಎಂದಿನಿಂದಲೋ ಗೊತ್ತಿಲ್ಲ, ಎದುರಿಗೆ ಕೂತು ಅವರು ಉಣ್ಣುವವರೆಗೆ ಕಾಯತೊಡಗಿದೆ.

ಹೋದ ವರ್ಷ ಆಪಾ ಹುಕ್ಕೇರಿಯಲ್ಲಿ ತಮ್ಮ ತಂಗಿಯ ಮನೆಯಲ್ಲಿ ತೀರಿಕೊಂಡರು. ಮೊಣಕಾಲು ಬಾತಿದ್ದರೂ ಅಪ್ಪ ಜನಾಜಾಕ್ಕೆ ಹೆಗಲು ಕೊಟ್ಟರು, ಯಾರು ಹೇಳಿದರೂ ಬಿಡಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಒಮ್ಮೆಲೆ ಅಂದರು:

"ನನ್ನ ಮಾತ ಕೇಳಿದ್ದರ ಅಂತ ಆಪಾ ಒಂದ ಸಲ ಅಂದಿದ್ದರೂ ನಾ ಬಾವಿ ಬೀಳತಿದ್ನಿ. ಇವತ್ತ ಅಂತಾರ, ನಾಳಿ ಅಂತಾರ ಅಂತ ಇಷ್ಟ ವರ್ಷ ಹಾದಿ ಕಾದ್ನಿ. ಅನ್ನಲೇ ಇಲ್ಲ."

ಅಷ್ಟು ಹೇಳಿ ನನ್ನ ಮುಖ ನೋಡಿದರು. ಆ ಮಾತನ್ನು ಆಡಬಲ್ಲವಳು ಇನ್ನು ನಾನೊಬ್ಬಳೇ ಉಳಿದಿದ್ದೆ, ಅದು ಇಬ್ಬರಿಗೂ ಗೊತ್ತಿತ್ತು.

"ಅವ್ವನ ಆಯುಷ್ಯಾ ಅಲ್ಲೀತನಾನ ಇತ್ತಪ್ಪಾ" ಅಂದೆ.