ಟಿಕೆಟ್ ತಗೊಳ್ಳದ ಪದಗಳು

ನಮ್ಮ ಇಂಗ್ಲಿಷ್ ಟೀಚರ್‌ಗೆ ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು. ಬೇರೆ ಯಾರಾದರೂ ಆಗಿದ್ದರೆ ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು. ಇವರು ಕಮಲಾಪುರದ ನಮ್ಮ ಶಾಲೆಗೆ ಬಂದ ಮೊದಲ ದಿನ, ತಮ್ಮ ಹೆಸರು ಹೇಳುವ ಮುಂಚೆಯೇ, ಆ ಮುರುಕು ಹಲ್ಲಿನ ಮೇಲೆ ಬೆರಳಿಟ್ಟು 'ಇದು ಟೂತ್' ಎಂದರು. ಆಮೇಲೆ ಬಾಯಿ ಅಗಲಿಸಿ ಎಲ್ಲ ಹಲ್ಲನ್ನೂ ತೋರಿಸಿ 'ಇವು ಟೀತ್' ಎಂದರು. ಹಿಂದಿನ ಸಾಲಿನವರಿಗೆ ಕಾಣಲಿಲ್ಲವೆಂದು ಬೆಂಚುಗಳ ನಡುವೆ ನಡೆದು ಬಂದು ಬಗ್ಗಿ ತೋರಿಸಿದರು. ಇಂಗ್ಲಿಷ್ ಎಂದರೆ ಹೆದರುತ್ತಿದ್ದ ನಾವು ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆ ಹಲ್ಲು ಹೇಗೆ ಮುರಿಯಿತೆಂದು ಕೇಳಿದಾಗಲೆಲ್ಲ ಹೊಸ ಕಥೆ, ಅದರೊಳಗೆ ಹೊಸ ಇಂಗ್ಲಿಷ್ ಪದಗಳು. ಒಮ್ಮೆ ಹುಂಜ ಅಟ್ಟಿಸಿಕೊಂಡು ಬಂದಿತ್ತು, ಒಮ್ಮೆ ಅಕ್ಕನ ಜೊತೆ ಕಬ್ಬಿಗಾಗಿ ಜಗಳವಾಗಿತ್ತು. 'ಇದ್ರಾಗ ಖರೇ ಯಾವ್ದುರೀ ಟೀಚರ್?' ಎಂದು ನಾನು ಪೀಡಿಸಿದರೆ ಅವರ ಉತ್ತರ ಒಂದೇ: 'ನಿನಗ ಯಾವ ಕಥ್ಯಾಗಿನ ಶಬ್ದ ಜಾಸ್ತಿ ನೆನಪದಾವೋ, ಅದೇ ಖರೇ.'

ಅವರು ದಿನಾ ಕಲಬುರಗಿಯಿಂದ ಬಸ್ಸಿಗೆ ಬರುತ್ತಿದ್ದರು. ಮನೆಯಲ್ಲಿ ಮಾತು ದಖನಿ ಉರ್ದು. ಕನ್ನಡ ಕಲಿತದ್ದು ಚಿಕ್ಕಂದಿನಲ್ಲಿ ಅಲ್ಲಿನ ಧಾನ್ಯದ ಮಾರುಕಟ್ಟೆ ನೆಹರು ಗಂಜಿನ ಓಣಿಯಲ್ಲಿ ಗೆಳತಿಯರ ಜೊತೆ ಆಡುತ್ತ. ಬಸ್ಸಿನಲ್ಲಿ ಕೂತು ಕೂತೇ ಏನೋ, ಅವರ ಕಥೆಗಳಲ್ಲಿ ಪದಗಳೂ ಬಸ್ಸು ಹತ್ತುತ್ತಿದ್ದವು. ಒಂದೇ ಇದ್ದರೆ ಪದ ಸುಮ್ಮನೆ ನಡೆದು ಹೋಗಬಹುದು. ಗುಂಪಾಗಿ ಹೊರಟರೆ ಬಸ್ಸೇ ಬೇಕು, ಹತ್ತಿದ ಮೇಲೆ ಕಂಡಕ್ಟರ್ 'ಎಸ್' ಎಂಬ ಚೀಟಿ ಹರಿದು ಕೊಡುತ್ತಾನೆ. ಪೆನ್, ಬುಕ್, ಕ್ಯಾಟ್, ಡಾಗ್ ಎಲ್ಲರೂ ಮರ್ಯಾದೆಯಿಂದ ಚೀಟಿ ತೆಗೆದುಕೊಂಡು ಬಾಲದಂತೆ ಹಿಂದೆ ಸಿಕ್ಕಿಸಿಕೊಳ್ಳುತ್ತಾರೆ. ಕೆಲವರು ಮಾತ್ರ ತೆಗೆದುಕೊಳ್ಳುವುದಿಲ್ಲ.

'ಯಾಕ ತಗೊಳ್ಳಂಗಿಲ್ಲರೀ?'

'ಅವ್ರು ಬಾಳ ಹಳೇ ಮಂದಿ. ಬಸ್ ಬರೋಕಿಂತ ಮೊದ್ಲೇ ಈ ಊರಾಗ ಇದ್ದವ್ರು. ಅವ್ರಿಗೆ ಟಿಕೆಟ್ ಕೇಳೋ ಧೈರ್ಯ ಯಾರಿಗದ?'

ಹಾಗೆ ಚೀಟಿ ಇಲ್ಲದೆ ಹತ್ತಿದ ಫುಟ್ ಒಳಗೇ ಅಂಗಿ ಬದಲಿಸಿ ಫೀಟ್ ಆಗುತ್ತಿತ್ತು. ಮೌಸ್ ಸೀಟಿನ ಕೆಳಗೆ ನುಸುಳಿ ಮೈಸ್ ಆಗಿ ಹೊರಬರುತ್ತಿತ್ತು. ಶೀಪ್ ಒಂದಿರಲಿ, ಹಿಂಡಿರಲಿ, ಮುಖ ತಗ್ಗಿಸಿ ಮಲಗಿಬಿಡುತ್ತಿತ್ತು. ಎಬ್ಬಿಸಲು ಕಂಡಕ್ಟರನಿಗೇ ಬೇಸರ. ಕಥೆ ನಡೆಯುವಾಗ ನಾವೇ ಮೌಸ್, ನಾವೇ ಶೀಪ್. ಬೆಂಚಿನ ಕೆಳಗೆ ನುಸುಳಿದವರು ಮೈಸ್ ಎಂದು ಕೂಗಿಕೊಂಡೇ ಹೊರಬರಬೇಕು.

ಇಂಗ್ಲಿಷಿಗೆ ಮಾತ್ರ ಇಂಥ ಹಟ ಎಂದು ನಾವು ದೂರಿದರೆ ಅವರು ಒಪ್ಪುತ್ತಿರಲಿಲ್ಲ. 'ಮರ, ಮರಗಳು ಅಂತೀರಿ. ಮಗು, ಮಗುಗಳು ಅಂತೀರೇನು? ಮಕ್ಕಳು ಅಂತೀರಿ. ನಮ್ ಮನ್ಯಾಗ ಒಂದು ಸುದ್ದಿಗೆ ಖಬರ್ ಅಂತೀವಿ, ಬಾಳ ಸುದ್ದಿ ಕೂಡಿದ್ರ ಅಖಬಾರ್. ಅದಕ್ಕೇ ಪೇಪರಿಗೆ ಅಖಬಾರ್ ಅನ್ನೋದು. ಎಲ್ಲಾ ಭಾಷಾದಾಗೂ ಒಂದಿಷ್ಟು ಹಟಮಾರಿ ಇರ್ತಾವ. ಅವನ್ನೇ ಮೊದಲು ದೋಸ್ತಿ ಮಾಡ್ಕೋಬೇಕು.'

ಈ ಬಸ್ಸಿನ ಕಥೆ ಮಹಾಗಾಂವದ ನಮ್ಮ ಮನೆಗೂ ಮುಟ್ಟಿತು. ಅಪ್ಪ ತೊಗರಿ ಮಾರಲು ಗಂಜಿಗೆ ಹೋದಾಗ ಅಲ್ಲಿನ ವ್ಯಾಪಾರಿಗಳ ಮಕ್ಕಳು ಇಂಗ್ಲಿಷ್ ಮಾತಾಡುವುದನ್ನು ಕೇಳಿ ಬಂದಿದ್ದರು. ನನ್ನನ್ನು ಕಮಲಾಪುರದ ಶಾಲೆ ಬಿಡಿಸಿ, ಕಲಬುರಗಿಯ ಸೋದರತ್ತೆಯ ಮನೆಯಲ್ಲಿಟ್ಟು ಕಾನ್ವೆಂಟಿಗೆ ಹಾಕುವುದೆಂದು ನಿರ್ಧಾರವಾಯಿತು. ಅವ್ವನನ್ನು ಬಿಟ್ಟು ಒಂದು ರಾತ್ರಿಯೂ ಇರದಿದ್ದ ನನಗೆ ಊಟ ಸೇರದಾಯಿತು. ಟಿ.ಸಿ. ಕೇಳಲೆಂದು ಅಪ್ಪ ಬೈಕಿನಲ್ಲಿ ನನ್ನನ್ನು ಕೂರಿಸಿಕೊಂಡು ಶಾಲೆಗೆ ಬಂದರು. ಟೀಚರ್ ವರಾಂಡದಲ್ಲೇ ಸಿಕ್ಕರು.

'ಸಾಲ್ಯಾಗ ಬರೇ ಬಸ್ಸಿನ ಕಥಿ ಹೇಳ್ತೀರಂತಲ್ರೀ. ಇಂಗ್ಲಿಷ್ ಯಾವಾಗ ಕಲಸ್ತೀರಿ?' ಅಪ್ಪನ ಧ್ವನಿ ಬಿರುಸಾಗಿತ್ತು.

'ಕೂಡ್ರಿ ಅಣ್ಣಾರ. ಮನ್ಯಾಗ ಎತ್ತು ಅವ ಏನ್ರಿ?'

'ಒಂದು ಜೋಡಿ ಅವ. ಯಾಕ್ರಿ?'

'ಒಂದಕ್ಕ ಆಕ್ಸ್ ಅಂತಾರ. ಜೋಡಿಗೆ ಏನಂತಾರ, ಮಗಳನ್ನ ಕೇಳ್ರಿ.'

ಅಪ್ಪ ನನ್ನ ಕಡೆ ತಿರುಗಿದರು. 'ಆಕ್ಸನ್' ಎಂದೆ. ಯಾಕೆ ಹಾಗೆ ಎಂದು ಅಪ್ಪ ಕೇಳಿದರು. ನಾನು ನೆಲ ನೋಡುತ್ತ ಶುರು ಮಾಡಿದೆ: ಎತ್ತುಗಳು ಬಸ್ಸು ಹತ್ತಿದವು, ಕಂಡಕ್ಟರ್ ಚೀಟಿ ಕೊಡಲು ಬಂದ, 'ಜನಮ ಎಲ್ಲಾ ಗಾಡಿ ಎಳದೀವಿ, ಇವತ್ತೊಂದಿನ ಕೂತ್ರ ನಮಗೂ ಟಿಕೆಟ್ಟೇನು?' ಎಂದು ಎತ್ತುಗಳು ಕೇಳಿದವು. ಕಂಡಕ್ಟರ್ ನಾಚಿಕೊಂಡು ಬಿಟ್ಟುಬಿಟ್ಟ. ಅದನ್ನು ನೋಡಿದ ಮಕ್ಕಳು ಎತ್ತಿನ ಬಾಲ ಹಿಡಿದುಕೊಂಡೇ ಹತ್ತಿದರು; ಅದಕ್ಕೇ ಆಕ್ಸನ್ ಬಾಲದಂಥದ್ದೇ ಬಾಲ ಚಿಲ್ಡ್ರನ್‌ಗೂ ಇದೆ.

ಹೇಳುತ್ತ ಹೇಳುತ್ತ ನಾನು ತಲೆ ಎತ್ತಿದ್ದೆ. ಅಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮನೆಯಲ್ಲಿ ಅವರೆದುರು ನಾನು ಅಷ್ಟು ಉದ್ದ ಎಂದೂ ಮಾತಾಡಿರಲಿಲ್ಲ.

'ಎತ್ತು ಹೇಳಿದ್ದು ಬರೋಬ್ಬರಿ ಅದ' ಎಂದರು ಅಪ್ಪ. ಟಿ.ಸಿ. ಮಾತು ಎತ್ತಲಿಲ್ಲ. ಹೋಗುವಾಗ ಟೀಚರ್‌ಗೆ ಕೈ ಮುಗಿದರು. ನಾನು ಕಮಲಾಪುರದಲ್ಲೇ ಓದಿದೆ, ಅವ್ವನ ಪಕ್ಕದಲ್ಲೇ ಮಲಗಿದೆ, ಮುಂದೆ ನಾನೂ ಇಂಗ್ಲಿಷ್ ಟೀಚರ್ ಆದೆ.

ಕೋಟನೂರಿನ ಶಾಲೆಗೆ ನನಗೆ ವರ್ಗವಾದಾಗ ಟೀಚರ್ ನಿವೃತ್ತರಾಗಿ ಕಲಬುರಗಿಯ ಮನೆಯಲ್ಲಿದ್ದರು. ಮಂಡಿ ನೋವು, ಜೊತೆಗೆ ದಮ್ಮು. ಆದರೂ ನನ್ನ ಕ್ಲಾಸ್ ನೋಡಬೇಕೆಂದು ಒಂದು ದಿನ ಆಟೋ ಹಿಡಿದು ಬಂದರು, ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ಕೂತರು. ನಾನು ಅವತ್ತು ನನ್ನದೇ ಹೊಸ ಕಥೆ ಕಟ್ಟಿಕೊಂಡು ಬಂದಿದ್ದೆ. ಒಂಟಿ ಎಲೆ 'ಲೀಫ್' ಎಂದು ಮೆಲ್ಲಗೆ ಉಸಿರು ಬಿಡುತ್ತದೆ. ಎಲೆಗಳೆಲ್ಲ ಕೂಡಿದರೆ ಗಾಳಿಗೆ ವ್ ವ್ ಎಂದು ಸದ್ದು ಮಾಡಿ 'ಲೀವ್ಸ್' ಆಗುತ್ತವೆ. ಮಕ್ಕಳು ಕೈ ಬೀಸಿ ಗಾಳಿಯಾದರು. ಕ್ಲಾಸ್ ಗದ್ದಲವೋ ಗದ್ದಲ. ನಾನು ಹೆಮ್ಮೆಯಿಂದ ಅವರ ಕಡೆ ನೋಡಿದೆ. ಬೆಂಚಿನಲ್ಲಿ ಅವರ ಜಾಗ ಖಾಲಿ ಇತ್ತು.

ಅವರು ಕಿಟಕಿ ಪಕ್ಕದ ಮೂಲೆಗೆ ಹೋಗಿ, ಆ ಮಂಡಿಯಲ್ಲೇ ನೆಲಕ್ಕೆ ಕೂತುಬಿಟ್ಟಿದ್ದರು. ಅಲ್ಲೊಬ್ಬ ಹುಡುಗಿ ಒಂಟಿಯಾಗಿ ಕೂತಿದ್ದಳು. ಕಟ್ಟಡ ಕೆಲಸಕ್ಕೆ ತೆಲಂಗಾಣದ ತಾಂಡೂರು ಕಡೆಯಿಂದ ಬಂದ ಕುಟುಂಬದವಳು, ತೆಲುಗು ಬಿಟ್ಟರೆ ಬೇರೆ ಬಾರದು. 'ಇಕಿಗೆ ಏನೂ ತಿಳಿಯಂಗಿಲ್ಲ, ಕೆಲಸಕ್ಕ ಕರ್ಕೊಂಡು ಹೋಗ್ತೀನಿ' ಎಂದು, ಕೆಲಸದ ಜಾಗದಲ್ಲಿ ಕನ್ನಡ ಕಲಿತಿದ್ದ ಅವಳ ತಾಯಿ ಹಿಂದಿನ ವಾರವಷ್ಟೇ ಹೇಳಿ ಹೋಗಿದ್ದಳು. ಟೀಚರ್ ತಗ್ಗಿನ ಕಿಟಕಿಯಿಂದ ಕೈ ಚಾಚಿ ಬೇವಿನ ಎಲೆಯೊಂದನ್ನು ಕಿತ್ತು ಹುಡುಗಿಯ ಅಂಗೈಗೆ ಇಟ್ಟರು. ತಮಗೆ ಬರುವ ಚೂರುಪಾರು ತೆಲುಗಿನಲ್ಲಿ 'ದೀನ್ನಿ ಏಮಂಟಾರು?' ಎಂದರು. ಇದಕ್ಕೆ ಏನೆನ್ನುತ್ತಾರೆ ಎಂದು.

ಹುಡುಗಿ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, 'ಆಕು.'

'ಆಕು' ಎಂದು ಟೀಚರ್ ಅವಳ ಹಾಗೆಯೇ ಹೇಳಿದರು. 'ನಂದು ಲೀಫ್.'

'ಲೀಫ್' ಎಂದಳು ಹುಡುಗಿ. ಅವಳ ಧ್ವನಿಯನ್ನು ನಾನು ಕೇಳಿದ್ದು ಅವತ್ತೇ ಮೊದಲು.

ಆಟೋ ಹತ್ತಿಸುವಾಗ ಅವರು ನನ್ನ ಕೈ ಹಿಡಿದುಕೊಂಡೇ ಹೇಳಿದರು: 'ಕಥಿ ನನಗಿಂತ ಛಲೋ ಕಟ್ಟೀದಿ ಬೇಟಾ. ಆದ್ರ ಕಥಿ ಹೇಳೋವಾಗ ಕಥಿ ಕಡೆ ನೋಡಬ್ಯಾಡ. ಯಾರ ಮುಖಕ್ಕ ಕಥಿ ಮುಟ್ಟಿಲ್ಲ, ಅದನ್ನ ನೋಡು.'

ಹುಡುಗಿಯ ತಾಯಿಯನ್ನು ಕರೆಸಿ ಕೂರಿಸಿ ಮಾತಾಡಿದೆ. ಹುಡುಗಿ ಶಾಲೆ ಬಿಡಲಿಲ್ಲ. ಕೆಲವು ತಿಂಗಳ ಮೇಲೆ ಟೀಚರ್‌ಗೆ ಫೋನ್ ಮಾಡಿ, ಅವಳು ಕನ್ನಡದಲ್ಲಿ ಜಗಳ ಆಡುವಷ್ಟು ಕಲಿತಿದ್ದಾಳೆ, ಇಂಗ್ಲಿಷ್ ಪದಗಳನ್ನು ಎಲ್ಲರಿಗಿಂತ ಮೊದಲು ಹೇಳುತ್ತಾಳೆ ಎಂದೆಲ್ಲ ವರದಿ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಒಂದೇ ಪ್ರಶ್ನೆ ಕೇಳಿದರು. 'ಈಗ ಆಕಿ ಬಾಜೂಕ ಯಾರು ಕೂಡ್ತಾರ?'

ನಾವು ಮಾತಾಡಿದ್ದು ಅದೇ ಕೊನೆ. ರಂಜಾನ್ ಮುಗಿದ ಸ್ವಲ್ಪ ದಿನಕ್ಕೆ ದಮ್ಮು ಹೆಚ್ಚಾಗಿ ಅವರು ತೀರಿಕೊಂಡರು. ನಾನು ಹೋದಾಗ ಅವರ ಮಗಳು ನನ್ನನ್ನು ಹಿಡಿದುಕೊಂಡು ಅತ್ತಳು.

ಮರುದಿನ ಶಾಲೆಗೆ ಹೋದೆ. ಅವತ್ತು ಒಬ್ಬ ಹೊಸ ಹುಡುಗ ಸೇರಿದ್ದ, ಬಾಗಿಲ ಬಳಿ ಚೀಲ ತಬ್ಬಿಕೊಂಡು ನಿಂತಿದ್ದ. ಅವನ ಕೈ ಹಿಡಿದು ಕರೆತಂದು ಬೆಂಚಿನ ಮೇಲೆ ಕೂರಿಸಿದೆ, ಪಕ್ಕದಲ್ಲಿ ನಾನೂ ಕೂತೆ. ಕಥೆ ಆಮೇಲೆ ಹೇಳಿದೆ.