ಕುರ್ಚಿಗೆ ಬೇಕಾದ ಕಾಗದ

...ಅಥವಾ ಅದು ಮಾವಿನ ಕಾಲವೇ ಅಲ್ಲವೇನೋ. ತಪಾಸಣಾ ಶಿಬಿರದ ಹೊರಗೆ ಮಾವಿನ ಲಾರಿಗಳು ಸಾಲುಗಟ್ಟಿದ್ದವು ಎನ್ನುತ್ತದೆ ನೆನಪು. ಆದರೆ ಕೃಷ್ಣಗಿರಿ ಎಂದೊಡನೆ ಮಾವಿನ ಲಾರಿ ತಂದು ನಿಲ್ಲಿಸುವುದು ಅದರ ಚಟ. ಸೆಕೆ ಇದ್ದದ್ದು ಮಾತ್ರ ನಿಜ. ಸೆಕೆಯನ್ನು ನನ್ನ ಎಡಗಾಲು ಮರೆಯುವುದಿಲ್ಲ.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಗೊತ್ತಾಗಿ ಎರಡು ವರ್ಷವಾಗಿತ್ತು. ನರಗಳ ಮೇಲಿನ ಹೊದಿಕೆ ಸವೆಯುವ ಕಾಯಿಲೆ. ಹೇಳಲು ದೊಡ್ಡ ಹೆಸರು, ಅನುಭವಿಸಲು ಬರೀ ಸುಸ್ತು. ದುಡಿದು ಬರುವ ಸುಸ್ತಲ್ಲ. ಹಲ್ಲುಜ್ಜಿದ ಮೇಲೆ ಬ್ರಷ್ ತೊಳೆಯಲು ಕೈ ಏಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಮಂಜಾಗುತ್ತದೆ, ಆಡಬೇಕಾದ ಮಾತು ಬಾಯಿಗೆ ಬರುವ ಮೊದಲೇ ಕಳೆದುಹೋಗುತ್ತದೆ.

ಹೊಸೂರಿನ ಕಾರ್ಖಾನೆಯೊಂದರಲ್ಲಿ ನನ್ನದು ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ. ಲೈನಿನಲ್ಲಿ ಕುರ್ಚಿ ಇಡುವಂತಿಲ್ಲ. ಕೂತವನ ಕೈ ನಿಧಾನ ಎಂಬ ಲೆಕ್ಕ. ಸೂಪರ್‌ವೈಸರ್ ನಮ್ಮ ಕಡೆಯವನೇ. "ನಂಗೂ ಸುಸ್ತಾಯ್ತದೆ ಕಣ್ಲಾ, ನಾನೇನ್ ಮಂಚ ಕೇಳ್ತೀನಾ?" ಎಂದು ಎಲ್ಲರನ್ನೂ ನಗಿಸಿ, ಆಮೇಲೆ, "ಸರ್ಕಾರಿ ಕಾಗ್ದ ತತ್ತಾ, ಕುರ್ಚಿ ಹಾಕಿಸ್ತೀನಿ" ಎಂದ. ಕಾಗದವೆಂದರೆ ಅಂಗವೈಕಲ್ಯದ ಸರ್ಟಿಫಿಕೇಟು. ತರದಿದ್ದರೆ ಹೆಚ್ಚು ದಿನ ಅಲ್ಲಿ ನಿಲ್ಲಲಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮೂಕಂಡಪಲ್ಲಿಯಲ್ಲಿ ನಾನಿರುವುದು ಅಕ್ಕನ ಮನೆಯಲ್ಲಿ. ಕೃಷ್ಣಗಿರಿಯ ತಪಾಸಣಾ ಶಿಬಿರಕ್ಕೆ ಎರಡು ದಿನ ಮೊದಲೇ ಆಕೆ ನನ್ನನ್ನು ಮಲಗಿಸಿದಳು. "ಅಲ್ಲೀಗಂಟ ಹೋಗೋಕೆ ಶಕ್ತಿ ಬ್ಯಾಡ್ವಾ? ಸುಮ್ಕೆ ಬಿದ್ಕೊ." ಊಟವನ್ನೂ ಹಾಸಿಗೆಗೇ ತಂದಳು. ಬಸ್ಸಿನಲ್ಲಿ ಕತ್ತಿಗೆ ಒದ್ದೆ ಟವೆಲ್ ಸುತ್ತಿದಳು. ತಂಪಿದ್ದರೆ ಕಾಲು ಹೇಳಿದ್ದು ಕೇಳುತ್ತದೆ. ರೋಗ ತೋರಿಸಲು ಹೊರಟವರು ಇಬ್ಬರೂ ಸೇರಿ ಅದನ್ನು ಒರೆಸಿಹಾಕಿದ್ದೆವು. ಈ ವಾಕ್ಯ ಈಗ ಹೊಳೆದದ್ದು. ಆಗ ಹೊಳೆದಿದ್ದರೆ!

ಬೆಳಗ್ಗೆಯೇ ನನ್ನ ಸರದಿ ಬಂತು. ವೈದ್ಯರು ನಡೆಯಲು ಹೇಳಿದರು, ನಡೆದೆ. ಮೂಗು ಮುಟ್ಟಲು ಹೇಳಿದರು, ಮುಟ್ಟಿದೆ. ಸ್ಕ್ಯಾನಿನ ಕವರನ್ನು ಅರ್ಧ ತೆರೆದು, "ನಲ್ಲಾ ತಾನೇ ನಡಕ್ಕಿರೀಂಗ, ತಂಬಿ" ಎಂದರು. ಚೆನ್ನಾಗಿಯೇ ನಡೆಯುತ್ತೀರಲ್ಲ ತಮ್ಮಾ, ಎಂದು. ಸುಸ್ತು ಎಂದೆ. ಅದು ಯಾರಿಗಿಲ್ಲ ಎಂದರು. ಕೆಟ್ಟವರಲ್ಲ, ಕಂಡದ್ದನ್ನು ಬರೆದರು. ಸರ್ಟಿಫಿಕೇಟಿಗೆ ಅದು ಸಾಲದು. ಹೊಗಳಿದರೆಂದು ಒಂದು ಕ್ಷಣ ನನಗೆ ಖುಷಿಯೂ ಆಗಿತ್ತು. ಅದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಬಸ್‌ ನಿಲ್ದಾಣದ ದಾರಿಯ ಬಿಸಿಲಲ್ಲಿ ಎಡಗಾಲು ಎಳೆಯತೊಡಗಿತು. ರಸ್ತೆಬದಿಯಲ್ಲೇ ಕುಸಿದು ಕೂತೆ.

"ಈಗ್ ಬಂತಾ? ಅಲ್ಲಿ ಮದ್ಲಿಂಗನ್ ತರ ನಡೆದ್ಬುಟ್ಟು!" ಅಕ್ಕ ರೇಗಿದಳು. "ಏಳ್ಲಾ, ವಾಪಸ್ ಹೋಗಿ ತೋರ್ಸಾನ."

ಏಳಲು ಆಗಿದ್ದರೆ ತೋರಿಸಲು ಏನಿರುತ್ತಿತ್ತು? ಅವಳೊಬ್ಬಳೇ ಹೋಗಿ, ಬೆವರೊರೆಸಿಕೊಂಡು ಬಂದಳು. "ನಿಂದು ಮುಗೀತಂತೆ. ಮುಂದಿನ್ ಸಲ ಬರ್ಬೇಕಂತೆ."

ಈಗಲೂ ನಿಂತೇ ಕೆಲಸ. ಮುಂದಿನ ಶಿಬಿರಕ್ಕೆ ರಾತ್ರಿ ಪಾಳಿ ಮುಗಿಸಿ ಹಾಗೆಯೇ ಹೋಗು ಎನ್ನುತ್ತಾಳೆ ಅಕ್ಕ. ಹೋಗುತ್ತೇನೆ. ಆಗ ಅವರಿಗೆ ಕಾಣುವುದು ರೋಗವೋ, ನಿದ್ದೆಗೆಟ್ಟ ಕಾರ್ಮಿಕನೋ, ನನಗೆ ಗೊತ್ತಿಲ್ಲ.