ನಂಬರುಗಳ ಹಿಂದಿದ್ದ ಮುಖಗಳು

ಶಹಾಪುರದ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಮಸ್ತಾನಸಾಬನ ಫೋಟೋ ಸ್ಟುಡಿಯೋ. ಮದುವೆ, ತೊಟ್ಟಿಲು, ಉರುಸು, ಏನಿದ್ದರೂ ಯಾದಗಿರಿಯಿಂದ ಹುಣಸಗಿವರೆಗೆ ಅವನದೇ ಕ್ಯಾಮೆರಾ. ಸಕ್ಕರೆ ಕಾಯಿಲೆ ಅವನ ಒಂದು ಕಣ್ಣು ತೆಗೆಯಿತು, ಹೋದ ವರ್ಷ ಇನ್ನೊಂದನ್ನೂ. ಅಂಗಡಿ ಮುಚ್ಚಲು ಹೆಂಡತಿ ಹಜರಾಬೀ ಒಪ್ಪಲಿಲ್ಲ. ದಿನಾ ಬೆಳಿಗ್ಗೆ ಗಂಡನ ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿ, ತಾನೇ ಪಾಸ್‌ಪೋರ್ಟ್ ಫೋಟೋ ತೆಗೆಯತೊಡಗಿದಳು.

ಕ್ಯಾಮೆರಾ ಬೇಗ ಕೈಗೆ ಬಂತು, ಕಂಪ್ಯೂಟರ್ ಬರಲಿಲ್ಲ. ಉರ್ದು ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತವಳು ಅವಳು. ಫೋಲ್ಡರ್ ತೆರೆದರೆ ಇಂಗ್ಲಿಷ್ ಅಕ್ಷರ, ನಂಬರು, ತಾರೀಖು, ಇರುವೆ ಸಾಲಿನ ಹಾಗೆ. ಗಂಡನಿಗೆ ಅದೆಲ್ಲ ಬಾಯಿಪಾಠ. ಹೆಸರಿನ ಬದಲು ಚಿತ್ರಗಳನ್ನೇ ತೋರಿಸಲು ಹಚ್ಚಿದರೆ ಮೊದಲಿನ ಕಂಪ್ಯೂಟರ್ ಮಷೀನು ನಿಂತೇಬಿಡುತ್ತಿತ್ತು ಎಂದು ಬರೀ ಹೆಸರಿನ ಸಾಲು ಇಟ್ಟುಕೊಂಡಿದ್ದ. ಮಷೀನು ಬದಲಾದರೂ ರೂಢಿ ಬದಲಾಗಲಿಲ್ಲ.

ಒಂದು ಮಧ್ಯಾಹ್ನ ಹತ್ತಿಕುಣಿ ಕಡೆಯಿಂದ ಮೌನಮ್ಮ ಬಂದಳು, ಕುರಿ ಸಾಕುವವರ ಮನೆಯ ಹೆಣ್ಣು.

"ಅಣ್ಣಾರ, ನಮ್ಮವ್ವ ತೀರಿಕೊಂಡಾಳ್ರಿ. ಆಕಿದು ಒಂದೂ ಫೋಟೋ ಇಲ್ಲ. ಕ್ಯಾಮೆರಾ ಕಂಡ್ರ ಮಾರಿ ತಿರುಗಿಸ್ತಿದ್ಳು. ಹೊಳಿ ತುಂಬಿ ಬಂದ ವರ್ಷ ನಮ್ಮ ಕಾಕನ ಮಗಳ ಮದಿವಿಗಿ ನೀವು ಬಂದಿದ್ರಿ. ಯಾರದರ ಹಿಂದ ನಿಂತು ಸಿಕ್ಕಾಳೇನು ನೋಡ್ರಿ."

ಅದು ಮೇಲಿನಿಂದ ಎಷ್ಟನೆಯ ಫೋಲ್ಡರ್ ಎಂದು ಮಸ್ತಾನಸಾಬ ನೆನಪಿನಿಂದಲೇ ಹೇಳಿದ. ತೆರೆದರೆ ನೂರಾರು ನಂಬರು.

"ಇದರಾಗ ಮನಷಾರನ್ನ ಹೆಂಗ ಹುಡಕೋದ್ರಿ?" ಎಂದಳು ಹಜರಾಬೀ.

"ಖಾಲಿ ಜಾಗದಾಗ ಮೌಸಿನ ಬಲಗಡೆ ಗುಂಡಿ ಒತ್ತು. ಎಲ್ಲಕ್ಕಿಂತ ಮ್ಯಾಲಿಂದು 'ವ್ಯೂ'. ಅದರ ಬಾಜೂಕ ಬರೋದ್ರಾಗ ಮೊದಲನೇದು ಒತ್ತು."

ಒತ್ತಿದಳು. ಸಾಲುಗಳು ಮಾಯವಾದವು. ಖಾಲಿ ಚೌಕಗಳು ಮೂಡಿದವು, ಒಂದರ ಹಿಂದೊಂದು ಮುಖಗಳಿಂದ ತುಂಬಿಕೊಂಡವು. ಅರಿಶಿನ ಮೆತ್ತಿದ ಮದುಮಗಳು, ಹಲಗೆ ಬಡಿಯುವವ, ಜಿಲೇಬಿ ಕಚ್ಚಿದ ಕೂಸು.

"ಯಾ ಅಲ್ಲಾ!" ಹಜರಾಬೀ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಇಷ್ಟು ವರ್ಷ ದಿನಾ ಧೂಳು ಒರೆಸಿದ ಡಬ್ಬಿ ಅದು. ಒಳಗೆ ಇಷ್ಟು ಜನ ಕೂತಿದ್ದಾರೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಎಲ್ಲಾ ಹಿಂದಮುಂದ ಆಗ್ಯಾವು," ಎಂದಳು.

"ಮತ್ತ ಬಲಗಡೆ ಒತ್ತು. ವ್ಯೂ ಕೆಳಗ 'ಸಾರ್ಟ್'. ಅದರಾಗ ಎರಡನೇದು, ತಾರೀಖು."

ಚಿತ್ರಗಳು ಜಾಗ ಬದಲಿಸಿ ಕೂತವು. ಅರಿಶಿನ, ತಾಳಿ, ಊಟದ ಪಂಕ್ತಿ. ಮುಗಿದುಹೋಗಿದ್ದ ಮದುವೆ ಕಣ್ಣೆದುರು ಮೊದಲಿನಿಂದ ನಡೆಯಿತು. ಅವಳು ಕಂಡದ್ದನ್ನು ಹೇಳುತ್ತ ಹೋದಳು. ಗಂಡ ಕತ್ತು ಚಾಚಿ ಕೇಳುತ್ತಿದ್ದ.

"ನಿಲ್ಲಸ್ರಿ ಅಕ್ಕಾ!" ಮೌನಮ್ಮ ಕೂಗಿದಳು.

ಬೀಗರೆಲ್ಲ ಸಾಲಾಗಿ ನಿಂತ ಫೋಟೋ. ಅವರ ಹಿಂದೆ, ಹಂದರದ ಕಂಬದ ಹತ್ತಿರ, ಕೂಸನ್ನು ಎತ್ತಿಕೊಂಡ ಒಬ್ಬ ಹೆಂಗಸು ಬಾಯಿ ತುಂಬ ನಗುತ್ತಿದ್ದಳು. ಮೌನಮ್ಮ ಗಾಜಿನ ಮೇಲೆ ಬೆರಳಿಟ್ಟಳು.

"ಅವ್ವ ನಗಾಕತ್ತಾಳ. ಎತ್ತಿಕೊಂಡದ್ದು ನನ್ನ ಮಗನ್ನ."

"ಫೋಟೋ ತಗದವ ನಾನೇ. ಆದ್ರ ಆಕಿನ್ನ ನಾ ನೋಡೇ ಇಲ್ಲ," ಎಂದ ಮಸ್ತಾನಸಾಬ.

ಆ ಮುಖವನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆದರು. ಸ್ವಲ್ಪ ಮಸುಕಾಗಿತ್ತು. ಮೌನಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

ಅಲ್ಲಿಂದ ಮುಂದೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಹಜರಾಬೀ ಹಳೆಯ ಫೋಲ್ಡರ್‌ಗಳನ್ನು ತೆರೆದು ಮುಖಗಳನ್ನು ಗಂಡನಿಗೆ ವರ್ಣಿಸಿ ಹೇಳುತ್ತಾಳೆ. ಅವನು ಹೆಸರು, ಊರು ಹೇಳುತ್ತಾನೆ. ಮೊನ್ನೆ ಒಂದು ಉರುಸಿನ ಫೋಲ್ಡರಿನಲ್ಲಿ ಅವಳ ಕೈ ತಟ್ಟನೆ ನಿಂತಿತು. ಬಳೆ ಅಂಗಡಿ ಮುಂದೆ, ಹರೆಯದಲ್ಲಿ, ಅವಳೇ.

"ಇದು ಯಾವಾಗ ತಗದ್ರಿ? ನನಗ ಗೊತ್ತೇ ಇಲ್ಲ."

"ಬಳಿ ಅಂಗಡಿದೇನು?" ಮಸ್ತಾನಸಾಬ ನಕ್ಕ. "ಕೆಳಗ ಹೋಗು. ಇನ್ನಾ ಭಾಳ ಅವ."